ಎಡೆಗೊಂದು ಲೋಟ

ಗುರುದತ್ತನ ವರ್ಷದ ತಿಥಿ ಹತ್ತಿರ ಬರುತ್ತಿದ್ದಾಗ ಅವನ ಹೆಂಡತಿ ಸುಭದ್ರಾ ಅಡಿಲೇಡಿನಿಂದ ಉಮಾಪತಿಗೆ ಫೋನ್ ಮಾಡಿದಳು. ಅವನು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸಿನ ಆಫೀಸು ಮುಗಿಸಿಕೊಂಡು ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನ ಮನೆಗೆ ಹೊರಟು ಮೋಟಾರ್‌ವೇಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದ.

"ಅಣ್ಣ, ಗಾಡಿ ಓಡಿಸ್ತಿದೀರಾ?"

"ನಾನು ಓಡಿಸ್ತಾನೇ ಇದೀನಿ, ಗಾಡಿ ಓಡ್ತಿಲ್ಲ. ಹೇಳಮ್ಮ."

"ಅವರ ಬಿಯರ್ ಕೆಗ್ ಮುರಿದುಬಿಟ್ಟೆ ಅಣ್ಣ" ಅಂದಳು.

ಉಮಾಪತಿ, ಗುರುದತ್ತ ಇಬ್ಬರೂ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಗುರುದತ್ತನ ಊರು ಮದ್ದೂರಿನಿಂದ ಒಳಗೆ. ಅಡಿಲೇಡಿಗೆ ಬಂದು ಬ್ಲೇರ್ ಅಥಾಲಿನಲ್ಲಿ ಮನೆ ಮಾಡಿದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಬಿಯರ್ ಮಾಡುವುದನ್ನು ಕಲಿತಿದ್ದ. ಯಾರೋ ಮುದುಕ ಮನೆ ಖಾಲಿ ಮಾಡುವಾಗ ಮಾರಿದ ಹಳೇ ಸ್ಟೀಲ್ ಕೆಗ್ಗುಗಳನ್ನು ಹೊತ್ತು ತಂದಿದ್ದ. ಮೊಣಕಾಲೆತ್ತರದ, ಹಾಲಿನ ಕ್ಯಾನಿನಂಥವು. ಬಾರ್ಲಿಯ ಜೊತೆಗೆ ಮೊಳಕೆ ಕಟ್ಟಿ ಹುರಿದ ರಾಗಿಯನ್ನೂ ಹಾಕಿ ಕುದಿಸುತ್ತಿದ್ದ. ಆ ದಿನ ಬೀದಿಯೆಲ್ಲ ಅಂಬಲಿ ಕಾಯಿಸಿದ ವಾಸನೆ. ಹಿಂಡಿದ ಚರಟವನ್ನು ಹಿಂದಿನ ಮನೆಯವರ ಕೋಳಿಗಳಿಗೆ ಸುರಿದು, ಅವು ಕೆದಕುವುದನ್ನು ಬೇಲಿಗೆ ಒರಗಿ ನೋಡುತ್ತ ನಿಲ್ಲುತ್ತಿದ್ದ. ಕಳೆದ ವರ್ಷ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ರೈಲಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

"ಒಂದೇ ಒಂದು ಕೆಗ್ ತುಂಬಿ ಭಾರವಾಗಿತ್ತು. ಮಿಕ್ಕವೆಲ್ಲ ಖಾಲಿ. ಅದನ್ನ ಹಾಗೇ ಶೆಡ್ಡಿನ ಫ್ರಿಜ್ಜಲ್ಲಿ ಇಟ್ಟಿದ್ದೆ, ಎಡೆಗೆ ಬೇಕು ಅಂತ. ಮೊನ್ನೆ ಫ್ರಿಜ್ ಒರೆಸೋಣ ಅಂತ ಈಚೆಗೆ ಎಳೆದೆ. ಉರುಳಿಬಿಡ್ತು. ಬಿಯರ್ ಬರೋ ಬಾಯಿದು ಒಂದು ಕಡ್ಡಿ ಮುರಿದುಹೋಯ್ತು."

ಎಡೆಯ ವಿಷಯ ಉಮಾಪತಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ಗುರುದತ್ತನ ಅಪ್ಪನ ತಿಥಿಗೆ ಅವನೂ ಹೋಗಿದ್ದ. ಬಾಳೆ ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಸೀಸೆ ಹೆಂಡ. ಸತ್ತವರು ಬದುಕಿದ್ದಾಗ ಏನನ್ನು ಬಯಸಿ ತಿಂದರೋ ಕುಡಿದರೋ ಅದನ್ನೇ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಒಳಗೆ ಅವರು ಬಂದು ಉಣ್ಣುತ್ತಾರೆ. ಬಯಸಿದ್ದು ಇಲ್ಲದಿದ್ದರೆ ಹೊಸಿಲ ತನಕ ಬಂದು ಹಾಗೇ ತಿರುಗಿ ಹೋಗುತ್ತಾರೆ ಎಂದು ಗುರುದತ್ತನ ಅವ್ವ ಅಂದು ಹೇಳಿದ್ದಳು.

"ಮುಚ್ಚಳ ತೆಗೆದು ಒಂದು ಲೋಟ ಮೊಗೆದುಕೊಂಡ್ರೆ ಆಗಲ್ವಾ ಸುಭದ್ರಾ?"

"ಅಯ್ಯೋ ಬೇಡ. ಗಾಳಿ ಬಿದ್ರೆ ಹುಳಿ ಬರುತ್ತೆ, ಯಾರೂ ಮುಚ್ಚಳ ಮುಟ್ಟಬೇಡಿ ಅಂತ ಅವರು ಮಗಳಿಗೂ ಬೈತಿದ್ರು. ನಾನು ಮೊಗೆದು ಇಟ್ಟರೆ ಅವರು ಮೂತಿ ಮಾಡ್ಕೊಂಡು ಎದ್ದು ಹೋಗ್ತಾರೆ. ಕೊಳಾಯಿಂದ ನೊರೆ ಬರೋ ಹಾಗೆ ಹಿಡಿದೇ ಇಡಬೇಕು ಅಣ್ಣ. ಅವರ ಕೈಯಿಂದ ಆಗಿದ್ದು ಅಂತ ಇರೋದು ಅದೊಂದೇ."

ಮನೆಗೆ ಬರುವಷ್ಟರಲ್ಲಿ ಗುರುದತ್ತನ ಮಗಳು ಪ್ರೇರಣಾ ಫೋಟೋ ಕಳಿಸಿದ್ದಳು. ಕೆಗ್ಗಿನ ತಲೆಯ ಮೇಲೆ ಎರಡು ಗಿಡ್ಡ ಬಾಯಿಗಳು. ಒಂದರಿಂದ ಗ್ಯಾಸು ಒಳಗೆ, ಇನ್ನೊಂದರಿಂದ ಬಿಯರು ಹೊರಗೆ. ಹೊರಗೆ ಬರುವ ಬಾಯಿಯ ಸುತ್ತ ಮೂರು ಕಡ್ಡಿಗಳಿರಬೇಕು. ಕೊಳಾಯಿಯ ಕೊಂಡಿ ಅವುಗಳನ್ನು ಕಚ್ಚಿ ನಿಲ್ಲುತ್ತದೆ. ಈಗ ಎರಡೇ ಉಳಿದಿದ್ದವು.

ಉಮಾಪತಿ ಜನ್ಮದಲ್ಲಿ ಬಿಯರ್ ಮುಟ್ಟಿದವನಲ್ಲ. ಆದರೂ ಅಂದಿನಿಂದ ಅವನ ಶನಿವಾರಗಳೆಲ್ಲ ಬಿಯರ್ ಸಾಮಾನಿನ ಅಂಗಡಿಗಳಲ್ಲಿ ಕಳೆದವು. ಬ್ರಿಸ್ಬೇನಿನ ಅಂಚಿನ ಶೆಡ್ಡುಗಳಲ್ಲಿ, ಟೈರ್ ಅಂಗಡಿಯ ಪಕ್ಕ, ಟೈಲ್ಸ್ ಅಂಗಡಿಯ ಹಿಂದೆ ಅಂಥ ಅಂಗಡಿಗಳಿದ್ದವು. ಒಳಗೆ ಮಾಲ್ಟಿನ ಹಿಟ್ಟಿನ ವಾಸನೆ. ಒಂದರಲ್ಲಿ ಗಡ್ಡದ ಹುಡುಗನೊಬ್ಬ ಫೋಟೋವನ್ನು ದೊಡ್ಡದು ಮಾಡಿ ನೋಡಿ, ತಳದ ಅಂಚಿನಲ್ಲಿ ಒತ್ತಿದ ಅಕ್ಷರಗಳನ್ನು ಓದಿ, ಈ ಕೆಗ್ ಮಾಡುವುದನ್ನು ನಿಲ್ಲಿಸಿ ಕಾಲವಾಯಿತು, ಇದರ ತಿರುಪಿನ ಸುತ್ತೇ ಬೇರೆ, ಹೊಸ ಬಾಯಿ ಇದಕ್ಕೆ ಕೂರುವುದಿಲ್ಲ ಎಂದ. ಹೊಸ ಕೆಗ್ಗನ್ನೇ ತೆಗೆದುಕೊಳ್ಳಿ ಎಂದೂ ಹೇಳಿದ. ಉಮಾಪತಿ ತಲೆಯಾಡಿಸಿ ಹೊರಗೆ ಬಂದ. ಗುಜರಿಯಲ್ಲೂ ಹುಡುಕಿದ. ಇಂಟರ್‌ನೆಟ್ಟಿನಲ್ಲಿ ಬಿಯರ್ ಮಾಡುವವರ ಗುಂಪುಗಳನ್ನು ಸೇರಿ, ಅವರು ಕೆಗ್ಗನ್ನು ಹೇಗೆ ಬಿಚ್ಚುತ್ತಾರೆ, ಹೇಗೆ ತೊಳೆಯುತ್ತಾರೆ, ಯಾವ ರಬ್ಬರ್ ಬಳೆ ಎಲ್ಲಿಗೆ ಎಂದು ಊಟದ ತಟ್ಟೆಯ ಮುಂದೆಯೂ ಓದುತ್ತಿದ್ದ.

ಅವನ ಹೆಂಡತಿ ಬನಶಂಕರಿ ಸಾರು ಬಡಿಸುತ್ತ, "ಕುಡಿಯದೇ ಇರೋ ಗಂಡ ಸಿಕ್ಕಿದಾನೆ ಅಂತ ನಮ್ಮೂರಿಗೆಲ್ಲ ಹೇಳ್ಕೊಂಡು ಬಂದಿದ್ದೆ. ಈಗ ನೋಡಿದ್ರೆ ಬಿಯರ್ ಅಂಗಡಿಯೋರೆಲ್ಲ ಹೆಸರು ಹಿಡಿದು ಕರೀತಾರೆ" ಅಂದಳು.

"ಅವನು ಒಂದು ದಿನಕ್ಕೂ ನಂಗೆ ಕುಡಿ ಅನ್ನಲಿಲ್ಲ ಕಣೆ. ನಾನು ಹೋದಾಗೆಲ್ಲ ಮಜ್ಜಿಗೆ ಮಾಡಿಸಿ ಇಟ್ಟಿರೋನು."

ಬನಶಂಕರಿ ಇನ್ನೊಂದು ಸೌಟು ಸಾರು ಹಾಕಿದಳು.

ಕೊನೆಗೆ ಪತ್ತೆ ಹಚ್ಚಿದವನು ಪರ್ತ್‌ನಲ್ಲಿದ್ದ ಮನೋಜ. ಹಾಸ್ಟೆಲಿನಲ್ಲಿ ಇವರಿಗಿಂತ ಚಿಕ್ಕವನು, ಈಗ ಗಣಿ ಕಂಪನಿಯೊಂದರ ಆಫೀಸಿನಲ್ಲಿದ್ದ. ಪರ್ತ್‌ನಿಂದಾಚೆ ಬೆಟ್ಟದ ಬುಡದಲ್ಲಿರುವ ಮುದುಕನೊಬ್ಬನ ಹತ್ತಿರ ಅದೇ ಅಕ್ಷರ ಒತ್ತಿದ ಕೆಗ್ ಇದೆ ಎಂದು ತಿಳಿಸಿದ. "ಆದರೆ ಅಣ್ಣ, ಆ ಯಪ್ಪ ಪೋಸ್ಟಲ್ಲಿ ಕಳಿಸಲ್ಲವಂತೆ. ಬಂದು ತಗೊಂಡು ಹೋಗಿ ಅಂತಾನೆ. ಹೆಣ್ಣು ಕೊಡೋನ ಥರ ಆಡ್ತಾನೆ."

ಉಮಾಪತಿ ಆಫೀಸಿನ ಕೆಲಸವೊಂದನ್ನು ಹೊಂದಿಸಿಕೊಂಡು ತಿಥಿಗೆ ಎರಡು ದಿನ ಮೊದಲು ಪರ್ತ್‌ಗೆ ಹೋದ. ಅಲ್ಲಿಂದ ನೇರ ಅಡಿಲೇಡಿಗೆ ಟಿಕೆಟು ಮಾಡಿಸಿದ್ದ. ಮನೋಜ ಕಾರಿನಲ್ಲಿ ಕರೆದುಕೊಂಡು ಹೋದ. ಊರು ಮುಗಿದು ಒಣಹುಲ್ಲಿನ ಬಯಲು ಶುರುವಾಯಿತು. ಸುತ್ತಿಟ್ಟ ಹುಲ್ಲಿನ ಉರುಳೆಗಳು, ನೀರಿನ ತೊಟ್ಟಿಯ ಸುತ್ತ ನಿಂತ ಕುದುರೆಗಳು. ಉಮಾಪತಿ ಕಿಟಕಿ ಇಳಿಸಿಕೊಂಡು ಕೂತ.

"ಗುರು ಅಣ್ಣ ಇದ್ದಿದ್ರೆ ಕಾರ್ ನಿಲ್ಲಿಸು ಅನ್ನೋರು. ಹುಲ್ಲು ಮೂಸಿ ನೋಡಿ, ಮಳೆ ಬಿದ್ದು ಎಷ್ಟು ದಿನ ಆಯ್ತು ಅಂತ ಹೇಳೋರು" ಅಂದ ಮನೋಜ.

"ಎಲ್ಲ ಸುಳ್ಳು ಹೇಳೋನು."

"ಗೊತ್ತು. ಆದ್ರೂ ನಂಬ್ತಿದ್ದೆ."

ಮುದುಕ ಗೇಟಿನ ಹತ್ತಿರವೇ ಕಾಯುತ್ತಿದ್ದ. ಡಾಕ್ಟರು ಕುಡಿಯಬೇಡ ಅಂದಿದ್ದರಿಂದ ಅವನ ಕೆಗ್ಗು ವರಾಂಡದಲ್ಲಿ ಸುಮ್ಮನೆ ನಿಂತಿತ್ತು. ಸ್ಪ್ಯಾನರ್ ಹಿಡಿದು ಅದರ ಬಾಯಿಯನ್ನು ತಿರುಗಿಸತೊಡಗಿದ. ಮನೋಜ ನೆರವಿಗೆ ಬಗ್ಗಿದರೆ, ಬೇಡ, ಇದನ್ನು ಹಾಕಿದವನು ನಾನು, ತೆಗೆಯುವವನೂ ನಾನೇ ಅಂದ. ಇಬ್ಬರೂ ಬಿಸಿಲಿನಲ್ಲಿ ಕಾದರು. ಬಾಯಿ ಕಳಚಿ ಬಂದಾಗ ಅಂಗಿಯ ತುದಿಯಿಂದ ಒರೆಸಿ ಉಮಾಪತಿಯ ಅಂಗೈಯಲ್ಲಿಟ್ಟ. ಯಾರಿಗೆ ಎಂದು ಕೇಳಿದ. ಸತ್ತ ಗೆಳೆಯನಿಗೆ ಅವನೇ ಮಾಡಿದ ಬಿಯರನ್ನು ಕೊಡಬೇಕು, ಅದಕ್ಕೆ ಎಂದು ಉಮಾಪತಿ ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದ. ಮುದುಕ ಅದರಲ್ಲಿ ವಿಚಿತ್ರವೇನೂ ಇಲ್ಲ ಎಂಬಂತೆ ತಲೆದೂಗಿ, ಹೊಸ ರಬ್ಬರ್ ಬಳೆ ಹಾಕುವುದನ್ನು ಮರೆಯಬೇಡ ಎಂದ.

ತಿಥಿಯ ದಿನ, ಭಾನುವಾರ ಬೆಳಿಗ್ಗೆ ಬ್ಲೇರ್ ಅಥಾಲಿನ ಮನೆಯಲ್ಲಿ ಸುಭದ್ರಾ ತಲೆಗೆ ನೀರು ಹಾಕಿಕೊಂಡು ಅಡಿಗೆಗೆ ನಿಂತಿದ್ದಳು. ಮುದ್ದೆ, ಕೋಳಿ ಸಾರು, ಉದ್ದಿನ ವಡೆ, ಕಜ್ಜಾಯ. ನಡುಮನೆಯಲ್ಲಿ ಗುರುದತ್ತನ ಫೋಟೋ, ಅದರ ಮುಂದೆ ಹೊಸ ಪಂಚೆ, ಅಂಗಿ. ಬಾಳೆ ಎಲೆ ಒರೆಸಿ ಹಾಸಿತ್ತು. ಎಲೆಯ ಬಲಗಡೆ ಅವನು ಕುಡಿಯುತ್ತಿದ್ದ ಗಾಜಿನ ಲೋಟ ಬರಿದಾಗಿತ್ತು.

ಉಮಾಪತಿ ಶೆಡ್ಡಿನಲ್ಲಿ ಕೆಲಸಕ್ಕೆ ಕೂತ. ಹೈಸ್ಕೂಲು ಓದುತ್ತಿದ್ದ ಪ್ರೇರಣಾ ಕೆಗ್ಗನ್ನು ತಬ್ಬಿ ಹಿಡಿದಿದ್ದಳು. ಗ್ಯಾಸಿನ ಬಾಯಿಯ ನಡುವಿನ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದಾಗ ಒಳಗಿನ ಒತ್ತಡ ಬುಸ್ಸೆಂದು ಹೋಯಿತು.

"ಸೌಂಡ್ಸ್ ಲೈಕ್ ಡ್ಯಾಡ್ಸ್ ವೀಕೆಂಡ್" ಅಂದಳು ಪ್ರೇರಣಾ.

"ಕನ್ನಡದಲ್ಲಿ ಹೇಳು ಮಗಳೇ."

"ಅಪ್ಪನ... ಶನಿವಾರ, ಅಂಕಲ್."

ಮುರಿದ ಬಾಯಿ ಕಳಚಿತು. ಪರ್ತ್‌ನಿಂದ ತಂದದ್ದನ್ನು ಕೈಯಲ್ಲೇ ತಿರುಗಿಸಿದ. ಸುತ್ತುಗಳು ಒಂದನ್ನೊಂದು ಹಿಡಿದವು. ಸ್ಪ್ಯಾನರಿನಿಂದ ಬಿಗಿದ. ಕೊಳಾಯಿಯ ಕೊಂಡಿ ಮೂರೂ ಕಡ್ಡಿಗಳನ್ನು ಕಚ್ಚಿ ಗಟ್ಟಿಯಾಗಿ ನಿಂತಿತು. ಉಮಾಪತಿ ಸಿಲಿಂಡರಿನ ಗ್ಯಾಸು ತಿರುಗಿಸಿ, "ಅಮ್ಮನ್ನ ಕರಿ" ಅಂದ.

ಸುಭದ್ರಾ ಲೋಟ ಹಿಡಿದುಕೊಂಡು ಬಂದಳು. ಸೆರಗಿನಿಂದ ಅದನ್ನು ಇನ್ನೊಮ್ಮೆ ಒರೆಸಿ, ಗುರುದತ್ತ ಮಾಡುತ್ತಿದ್ದಂತೆ ಓರೆ ಹಿಡಿದಳು. ಉಮಾಪತಿ ಕೊಳಾಯಿ ಒತ್ತಿದ.

ಮೊದಲು ನೊರೆ ಬಂತು. ಸೋಪಿನ ನೊರೆಯಂತೆ ಬೆಳ್ಳಗೆ, ಹಗುರ. ಅದರ ಹಿಂದೆ ಬಂದದ್ದು ತಿಳಿನೀರು. ಮೂವರೂ ಬಣ್ಣ ಬರಲಿ ಎಂದು ಕಾದರು. ಲೋಟ ತುಂಬಿತು. ಲೋಟದ ಆಚೆಗೆ ಸುಭದ್ರಾಳ ಬೆರಳುಗಳು ಕಾಣುತ್ತಿದ್ದವು.

"ಇಸ್ ಇಟ್ ಆಫ್?" ಕೆಟ್ಟುಹೋಗಿದೆಯಾ ಎಂದು ಪ್ರೇರಣಾ ಮೆಲ್ಲಗೆ ಕೇಳಿದಳು.

ಉಮಾಪತಿ ಬೆರಳದ್ದಿ ಮೂಸಿದ. ವಾಸನೆಯಿಲ್ಲ. ನಾಲಿಗೆಯ ತುದಿಗೆ ಮುಟ್ಟಿಸಿದ. ಚುರುಕ್ಕೆನ್ನುವ ಹುಳಿ. ಅವನಿಗೆ ತಿಳಿದುಹೋಯಿತು. ತೊಳೆದ ಕೆಗ್ಗಿನೊಳಗೆ ಕ್ರಿಮಿ ಸೇರದಿರಲೆಂದು ಶುದ್ಧಿ ಮಾಡುವ ದ್ರಾವಣ ತುಂಬಿ, ಗ್ಯಾಸು ಕಟ್ಟಿ, ಮುಂದಿನ ಸಲಕ್ಕೆ ಇಡುತ್ತಾರೆ ಎಂದು ಅವನು ಓದಿದ್ದ. ಓದಿಯೂ, ಅದು ಬೇರೆಯವರ ಕೆಗ್ಗಿನ ಮಾತೆಂದು ದಾಟಿಕೊಂಡು ಹೋಗಿದ್ದ. ಭಾರವಿದೆ ಎಂದು ಸುಭದ್ರಾ ಹೇಳಿದ್ದಳು. ಭಾರವಿದ್ದರೆ ಬಿಯರೇ ಎಂದು ಅವನೂ ಒಪ್ಪಿಕೊಂಡಿದ್ದ. ಬಿಯರ್ ಗೊತ್ತಿಲ್ಲದವರಿಬ್ಬರೂ ಸೇರಿ ಕೆಗ್ಗಿನ ಲೆಕ್ಕ ಹಾಕಿದ್ದರು.

"ಇದು ತೊಳೆಯೋ ನೀರಮ್ಮ" ಅಂದ. "ತೊಳೆದು, ತಯಾರಿ ಮಾಡಿ ಇಟ್ಟಿದಾನೆ. ಬಿಯರ್ ತುಂಬಿಲ್ಲ."

ಸುಭದ್ರಾ ಲೋಟವನ್ನೇ ನೋಡುತ್ತಿದ್ದಳು.

"ತುಂಬ್ತಿದ್ರು ಅಣ್ಣ. ಹೋಗೋಕೆ ಮುಂಚಿನ ಶನಿವಾರ. ನಾನು ಅಡಿಗೆಮನೆ ಕಿಟಕಿಯಿಂದ ನೋಡಿದೆ. ಬಗ್ಗಿ ತುಂಬ್ತಾನೇ ಇದ್ರು."

"ಇದನ್ನೇ ತುಂಬ್ತಿದ್ದಿರಬೇಕು."

ಅವಳು ಅಲ್ಲೇ ತಲೆಕೆಳಗಾಗಿಟ್ಟಿದ್ದ ಬಕೆಟ್ಟಿನ ಮೇಲೆ ಕೂತಳು. "ಹೌದು. ರಾಗಿ ಇನ್ನೂ ಬಟ್ಟೆಯಲ್ಲೇ ಇತ್ತಲ್ಲ. ನಾನೇ ನೆನೆಹಾಕಿ ಕಟ್ಟಿದ್ದೆ. ಅವರು ಹೋದ ದಿನ ಬೆಳಿಗ್ಗೆ ಬಿಚ್ಚಿ ನೋಡಿ, ಇನ್ನೊಂದಿನ ಬಿಡು, ಮೊಳಕೆ ಸಣ್ಣದು ಅಂದ್ರು. ಆಮೇಲೆ ಯಾರೂ ನೋಡ್ಲಿಲ್ಲ. ವಾಸನೆ ಬಂದಾಗ ನಾನೇ ತಗೊಂಡು ಹೋಗಿ ಬಿನ್ನಿಗೆ ಹಾಕಿದೆ. ರಾಗಿ ನನ್ನ ಕೈಯಲ್ಲೇ ಇತ್ತು ಅಣ್ಣ. ರಾಗಿ ಇಲ್ಲದೆ ಬಿಯರ್ ಎಲ್ಲಿಂದ ಬರುತ್ತೆ ಅಂತ ನಂಗೆ ಒಂದು ವರ್ಷ ಹೊಳೀಲಿಲ್ಲ ನೋಡಿ."

ಪ್ರೇರಣಾ ಅಮ್ಮನ ಪಕ್ಕ ನೆಲದ ಮೇಲೆ ಕೂತು ಅವಳ ಮೊಣಕಾಲಿಗೆ ತಲೆಯಿಟ್ಟಳು.

"ಹತ್ತಿರದಲ್ಲಿ ಬಿಯರ್ ಮಾರೋ ಅಂಗಡಿ ಇದೆಯಲ್ಲ. ಒಂದು ನಿಮಿಷ, ಹೋಗಿ ತರ್ತೀನಿ" ಅಂದ ಉಮಾಪತಿ.

"ಬೇಡ ಅಣ್ಣ. ಅಂಗಡಿದನ್ನ ಅವರು ಕುದುರೆ ಗಂಜಲ ಅಂತಿದ್ರು. ಇವತ್ತು ಅದನ್ನ ಕುಡಿಸೋದಾ."

ಅವಳು ಎದ್ದಳು. ಹಿತ್ತಲಿನ ನಲ್ಲಿಯ ಕೆಳಗೆ ಲೋಟವನ್ನು ಮತ್ತೆ ಮತ್ತೆ ತೊಳೆದಳು. ಆಮೇಲೆ ಒಳಗೆ ಹೋಗಿ, ಕುಡಿಯುವ ನೀರು ತುಂಬಿ, ಎಲೆಯ ಬಲಗಡೆ ಇಟ್ಟಳು. ಸಾರು ಆರಿದ್ದರಿಂದ ಮತ್ತೆ ಬಿಸಿ ಮಾಡಿ ಬಡಿಸಿದಳು. ಉಮಾಪತಿ ಕಾಯಿ ಒಡೆದ. ಪ್ರೇರಣಾ ಧೂಪ ಹಾಕಿದಳು. ಹೊಗೆಗೆ ಅಲಾರಂ ಹೊಡೆದುಕೊಳ್ಳದಿರಲೆಂದು ಅದಕ್ಕೆ ಮೊದಲೇ ಬಟ್ಟೆ ಕಟ್ಟಿತ್ತು. ಮೂವರೂ ಅಡ್ಡಬಿದ್ದರು.

ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದು ಮುಂದಿನ ಅಂಗಳದಲ್ಲಿ ನಿಂತರು. ಎದುರು ಮನೆಯವನು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಇವರನ್ನು ನೋಡಿ, ಕೈಯೆತ್ತಿ, ಮತ್ತೆ ಮೆಷಿನ್ನನ್ನು ಶುರು ಮಾಡಿದ. ಬಿಸಿಲು ಏರುತ್ತಿತ್ತು. ಸುಭದ್ರಾ ಬಾಗಿಲ ಕಡೆಗೆ ಬೆನ್ನು ಮಾಡಿ, ಒಳಗೆ ಕೂತವರಿಗೆ ಸಂಕೋಚವಾಗದಿರಲಿ ಎಂಬಂತೆ ರಸ್ತೆಯನ್ನು ನೋಡುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಪ್ರೇರಣಾ, "ಅಮ್ಮ, ಕ್ಯಾನ್ ವಿ ಗೋ ಇನ್ ನೌ?" ಅಂದಳು.

"ಇನ್ನೂ ಸ್ವಲ್ಪ ಇರು" ಅಂದಳು ಸುಭದ್ರಾ. "ಅವರ ಊಟ ನಿಧಾನ."