ಕಂಬದ ಪಕ್ಕದ ಜಾಗ

“ಇಳಿ,” ಎಂದ ಟಾಕ್.

ಇನ್‌ಸುಕ್ ಆಗಲೇ ಬೆಲ್ಟ್ ಬಿಚ್ಚಿದ್ದಳು. ಆಸ್ಪತ್ರೆಯ ನೆಲಮಾಳಿಗೆಯ ಮೊದಲ ಹಂತದಲ್ಲಿ, ಲಿಫ್ಟಿನ ಗಾಜಿನ ಬಾಗಿಲಿನೆದುರು ಕಾರು ನಿಂತಿತ್ತು. ಹಿಂದಿನ ಕಾರಿನವನು ಒಮ್ಮೆ ಹಾರ್ನ್ ಮಾಡಿದ.

“ಬ್ಯಾಗು?”

“ಬಿಡು, ನಾನು ತರ್ತೀನಿ. ಜಿಪ್ಪು ಬಾಗಿಲಿಗೆ ತಾಗುತ್ತೆ.”

“ಇಷ್ಟು ವರ್ಷದಲ್ಲಿ ಒಂದ್ ಸಲನಾದ್ರೂ ತಾಗಿಸಿದೀನೇನ್ರೀ?”

“ಬ್ಯಾಗು ನಾನು ತಂದಿದ್ದಕ್ಕೇ ತಾಗಿಲ್ಲ. ಆ ಬೆಂಚಿನ ಹತ್ರ ಕೂತಿರು. ಎಲ್ಲೂ ಹೋಗ್ಬೇಡ. ಐದೇ ನಿಮಿಷ.”

“ನಿಮ್ಮ ಐದು ನಿಮಿಷ ನಂಗೊತ್ತಿಲ್ವಾ?” ಎಂದು ನಕ್ಕು, ಅವಳು ಅವನು ಕಲಿಸಿದ್ದ ಹಾಗೆ ಎರಡೂ ಅಂಗೈಗಳಿಂದ ಒತ್ತಿ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದಳು.

ಇವತ್ತು ಒಳ್ಳೆಯ ದಿನ ಎಂದುಕೊಂಡ ಟಾಕ್. ಕೆಟ್ಟ ದಿನಗಳಲ್ಲಿ ಅವಳು ಒಣಮೀನಿನ ಸಾರಿಗೆ ಮೂರು ಸಲ ಉಪ್ಪು ಹಾಕುತ್ತಿದ್ದಳು, ಮಗಳು ಬೋರಾಳನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಆದರೆ ‘ಇಳಿ’ ಎಂಬ ಮಾತು ಕೇಳಿದರೆ ಕೈ ತಾನಾಗಿ ಬೆಲ್ಟಿಗೆ ಹೋಗುತ್ತಿತ್ತು. ಕಳೆದ ಸಲ ಅವನು ಇದನ್ನು ಡಾಕ್ಟರಿಗೆ ಒಂದು ಶುಭಸುದ್ದಿಯ ಹಾಗೆ ಹೇಳಿದ್ದ. ರೂಢಿಯಾದದ್ದು ಎಲ್ಲಕ್ಕಿಂತ ಕೊನೆಗೆ ಮರೆತುಹೋಗುತ್ತದೆ ಎಂದು ಅವರು ಬರೆದುಕೊಂಡಿದ್ದರು.

ಮೂರನೆಯ ಹಂತಕ್ಕೆ ಇಳಿಯುವ ತಿರುವಿನಲ್ಲಿ ಕಿತ್ತಳೆ ಬಣ್ಣದ ಅಂಗಿಯ ಗು, ದೀಪದ ಕೋಲನ್ನು ಅಡ್ಡ ಹಿಡಿದು ಕಿಟಕಿಯೊಳಗೆ ಬಗ್ಗಿದ. ಈ ಪಾರ್ಕಿಂಗಿನಲ್ಲಿ ಅವನು ಆರು ವರ್ಷದಿಂದ ಇದ್ದಾನೆ.

“ಬಂದ್ರಾ ಅಣ್ಣಾ! ಮುದ್ದಿನ ಸೊಸೆ ಹುಷಾರಾಗಿದಾಳಾ?” ಅವನು ಕೇಳಿದ್ದು ಕಾರಿನ ಬಗ್ಗೆ.

“ಕಂಬದ ಜಾಗ ಖಾಲಿ ಇದ್ಯಾ?”

“ಇಪ್ಪತ್ತೇಳು ಇದೆ. ಪಕ್ಕದಲ್ಲಿ ಒಂದು ವ್ಯಾನು ಗೆರೆ ತುಳಿದಿದೆ. ನಿಮಗೆ ನಿದ್ದೆ ಬರಲ್ಲ ಬಿಡಿ ಅಲ್ಲಿ.”

ಉಲ್ಸಾನಿನ ಕಾರ್ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಟಾಕ್ ಮೂವತ್ತೊಂದು ವರ್ಷ ತಪಾಸಣೆ ಮಾಡಿದ್ದ. ಎರಡೂ ಬದಿಗೆ ಸಾಲು ಟ್ಯೂಬ್‌ಲೈಟ್ ಉರಿಯುವ ಸುರಂಗದಲ್ಲಿ ನಿಂತು, ಮುಂದೆ ಸಾಗುವ ಕಾರಿನ ಮೈಮೇಲೆ ಬೆಳಕಿನ ಗೆರೆ ಎಲ್ಲಿ ಬಾಗುತ್ತದೆ ಎಂದು ನೋಡುವುದು ಅವನ ಕೆಲಸ. ಗೆರೆ ಬಾಗಿದಲ್ಲಿ ದೋಷ. ಕಣ್ಣಿಗೆ ಕಾಣದ್ದನ್ನು ಗ್ಲೌಸು ಹಾಕಿದ ಅಂಗೈ ಕಂಡುಹಿಡಿಯುತ್ತಿತ್ತು. ಬೆಲ್ಟಿನ ಬಕಲ್ಲು, ಗಡಿಯಾರ, ಉಂಗುರ ಯಾವುದನ್ನೂ ಅಲ್ಲಿಗೆ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಹಾಗಾಗಿ ಅವನ ಮದುವೆಯ ಉಂಗುರವನ್ನು ಇನ್‌ಸುಕ್ ತನ್ನ ಉಂಗುರದ ಪಕ್ಕದಲ್ಲೇ, ನಡುಬೆರಳಿಗೆ ಹಾಕಿಕೊಂಡಳು. ನಿವೃತ್ತಿಯಾದ ಮೇಲೂ ಅವನು ಅದನ್ನು ವಾಪಸು ಕೇಳಲಿಲ್ಲ.

ನಿವೃತ್ತಿಯ ತಿಂಗಳಲ್ಲೇ ಈ ಕರಿ ಕಾರು ಬಂತು. ಹೊಸ ಕಾರಿನ ಬಾಗಿಲಂಚಿಗೆ ಅಂಟಿಸಿ ಕೊಡುವ ನೀಲಿ ಸ್ಪಂಜಿನ ತುಂಡುಗಳನ್ನು ಬೇರೆಯವರು ಕಿತ್ತೆಸೆಯುತ್ತಾರೆ. ಅವನು ಪ್ರತಿ ವಸಂತದಲ್ಲಿ ಹೊಸದನ್ನು ಅಂಟಿಸುತ್ತಿದ್ದ. ಒಂಬತ್ತು ವರ್ಷದಲ್ಲಿ ಆ ಕಾರಿನ ಮೈಮೇಲೆ ಒಂದೇ ಒಂದು ಬಾಗಿಲೇಟು ಬಿದ್ದಿರಲಿಲ್ಲ. ಕಾರಣ ಕಂಬ. ಬಲಗಡೆ ಕಂಬಕ್ಕೆ ನಾಲ್ಕೇ ಬೆರಳು ಬಿಟ್ಟು ನಿಲ್ಲಿಸಿದರೆ ಎಡಗಡೆ ಧಾರಾಳ ಜಾಗ ಉಳಿಯುತ್ತದೆ, ಪಕ್ಕದವನು ಬಾಗಿಲನ್ನು ಎಷ್ಟೇ ಅಗಲ ತೆರೆದರೂ ತಾಗುವುದಿಲ್ಲ. ಬಲಗಡೆಯ, ಎಂದರೆ ಚಾಲಕನ ಪಕ್ಕದ ಸೀಟಿನ, ಬಾಗಿಲು ಮಾತ್ರ ತೆರೆಯಲಾಗದು. ಅದಕ್ಕೇ ಇನ್‌ಸುಕ್ ಮೊದಲೇ ಇಳಿಯಬೇಕಿತ್ತು. ಮುಂಚೆಲ್ಲ ಅವಳು ರಿವರ್ಸ್ ಬರುವ ಕಾರಿನ ಹಿಂದೆ ನಿಂತು ಕೈಯಾಡಿಸುತ್ತಿದ್ದಳು: ಬರ್ಲಿ, ಬರ್ಲಿ, ಸಾಕು. ಹೊರಡುವಾಗ ಕಾರಿನೆದುರು ನಿಂತು ಹಾಗೆಯೇ ಕೈಯಾಡಿಸಿ ಕಾರನ್ನು ಕಂಬದಿಂದ ಹೊರಗೆ ಕರೆದು, ಆಮೇಲೆ ಹತ್ತುತ್ತಿದ್ದಳು. ಕಾಯಿಲೆ ಬಂದಮೇಲೆ, ಓಡಾಡುವ ಗಾಡಿಗಳ ನಡುವೆ ಬೇಡವೆಂದು, ಅವಳನ್ನು ಮೇಲೆ ಲಿಫ್ಟಿನ ಹತ್ತಿರವೇ ಇಳಿಸುತ್ತಿದ್ದ.

ವ್ಯಾನು ನಿಜವಾಗಿಯೂ ಗೆರೆ ತುಳಿದಿತ್ತು. ನಾಲ್ಕು ಸಲ ಮುಂದೆ ಹಿಂದೆ ಮಾಡಿ ನಿಲ್ಲಿಸಿದ. ಇಳಿದು ನೋಡಿ, ಸಮಾಧಾನವಾಗದೆ ಐದನೆಯ ಸಲ ಸರಿಪಡಿಸಿದ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಲಿಫ್ಟ್ ಹತ್ತಿದಾಗ ಎರಡು ಗಂಟೆ ಹತ್ತೊಂಬತ್ತು ನಿಮಿಷ. ಅವಳನ್ನು ಇಳಿಸಿ ಹದಿನಾಲ್ಕು ನಿಮಿಷವಾಗಿತ್ತು.

ಬೆಂಚಿನ ಮೇಲೆ ಒಬ್ಬ ಮುದುಕ ಕಿತ್ತಳೆ ಸುಲಿಯುತ್ತ ಕೂತಿದ್ದ.

“ಇಲ್ಲೊಬ್ಬರು ಹೆಂಗಸು ಇದ್ರಲ್ಲ?”

“ನಾನು ಈಗ್ತಾನೇ ಬಂದೆ ಕಣಪ್ಪ.”

ಶೌಚಾಲಯದ ಬಾಗಿಲಲ್ಲಿ ನಿಂತು ಕೂಗಿದ. ಎರಡನೆಯ ಮಹಡಿಯ ನರರೋಗ ವಿಭಾಗಕ್ಕೆ ಹೋದ. ಫೋನಿನಲ್ಲಿ ಅವಳ ನಂಬರು ಒತ್ತಿದ. ರಿಂಗಾದದ್ದು ಅವನದೇ ಹೆಗಲ ಮೇಲಿದ್ದ ಬ್ಯಾಗಿನೊಳಗೆ.

ಚೀಟಿ ಕೊಡುವ ಹುಡುಗಿಗೆ ಅವನು ವಿಷಯ ವಿವರಿಸುತ್ತಿದ್ದಾಗ ಅವನ ಫೋನು ನಡುಗಿತು. ಎರಡು ಗಂಟೆ ಮೂವತ್ತೊಂದು. ಕಾರಿನ ಕ್ಯಾಮೆರಾದ ಸಂದೇಶ: ನಿಂತಿರುವ ವಾಹನಕ್ಕೆ ಆಘಾತ. ಒಂದು ನಿಮಿಷ ಬಿಟ್ಟು ಇನ್ನೊಂದು. ಮತ್ತೆ ಇನ್ನೊಂದು.

ಈ ಸಂದೇಶ ಬಂದಾಗಲೆಲ್ಲ ಅವನು ಓಡುತ್ತಿದ್ದ. ಭಾವನ ಸಾವಿನ ಊಟದಲ್ಲಿ ಬಟ್ಟಲು ಬಿಟ್ಟು ಎದ್ದು ಹೋಗಿದ್ದ. ಅಣ್ಣನ ಮಗನ ಮದುವೆಯ ಫೋಟೋದಲ್ಲಿ ಅವನ ಜಾಗ ಖಾಲಿ ಇದೆ. ಈ ಸಲವೂ ಕಾಲು ಲಿಫ್ಟಿನ ಕಡೆಗೆ ಒಂದು ಹೆಜ್ಜೆ ಹಾಕಿತು. ಆ ವ್ಯಾನಿನವನೇ, ಸಂಶಯವಿಲ್ಲ.

‘ಹಾಳಾಗಿ ಹೋಗ್ಲಿ ಕಾರು,’ ಎಂದು ಮನಸ್ಸಿನಲ್ಲೇ ಅಂದುಕೊಂಡ. ಹಾಗೆ ಅಂದುಕೊಂಡದ್ದು ಜೀವನದಲ್ಲಿ ಅದೇ ಮೊದಲು. ತನ್ನ ಬಗ್ಗೆ ತನಗೇ ತುಸು ಆಶ್ಚರ್ಯವಾಯಿತು. ಫೋನನ್ನು ಜೇಬಿಗೆ ಹಾಕಿ ಮೂರನೆಯ ಮಹಡಿಯ ಮೆಟ್ಟಿಲು ಹತ್ತಿದ. ನಾಲ್ಕನೆಯದನ್ನೂ ನೋಡಿದ. ಔಷಧಿ ಅಂಗಡಿ, ಊಟದ ಮನೆ, ಕೊನೆಗೆ ಮುಖ್ಯದ್ವಾರದ ಹೊರಗೆ ಟ್ಯಾಕ್ಸಿ ನಿಲ್ಲುವಲ್ಲಿ. ನದಿಯ ಕಡೆಯಿಂದ ಬರುವ ಗಾಳಿಗೆ ಕಿವಿ ಕತ್ತರಿಸಿದಂತಾಗುತ್ತಿತ್ತು.

ಪೊಲೀಸರು ಬಂದದ್ದು ಮೂರೂವರೆಗೆ. ಭದ್ರತಾ ಕೋಣೆಯಲ್ಲಿ ಎಳೆಯ ವಯಸ್ಸಿನ ಒಬ್ಬ ಹೆಣ್ಣು ಪೊಲೀಸ್ ಟ್ಯಾಬ್ ಹಿಡಿದು ಅವನೆದುರು ಕೂತಳು.

“ಎತ್ತರ ಎಷ್ಟು ಯಜಮಾನ್ರೇ?”

“ನನ್ನ ಭುಜಕ್ಕೆ ಬರ್ತಾಳೆ.”

“ಸೆಂಟಿಮೀಟರಲ್ಲಿ ಹೇಳ್ಬೇಕು. ತೂಕ?”

ಟಾಕ್ ಬೋರಾಗೆ ಫೋನು ಮಾಡಿದ. ಮಗಳು ಬುಸಾನಿನ ತನ್ನ ಕ್ಷೌರದಂಗಡಿಯಿಂದ ಒಂದೇ ಉಸಿರಿಗೆ ಹೇಳಿದಳು: ನೂರ ಐವತ್ತನಾಲ್ಕು, ನಲವತ್ತೇಳು ಕೆ.ಜಿ. ಆಮೇಲೆ ಕೇಳಿದಳು: “ಅಪ್ಪಾ, ಅಮ್ಮನ್ನ ಒಬ್ಬಳೇ ಇಳಿಸಿದ್ರಾ?”

ಅವನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

“ಇಳಿಸಿದ್ರಾ ಅಂತ ಕೇಳ್ದೆ.”

“ಬಸ್ ಹಿಡಿದು ಬಾ,” ಎಂದು ಹೇಳಿ ಫೋನು ಇಟ್ಟ.

“ಏನು ಬಟ್ಟೆ ಹಾಕ್ಕೊಂಡಿದ್ರು?” ಎಂದಳು ಪೊಲೀಸ್.

“ಜಾಕೆಟ್ಟು. ಕಂದು… ಅಲ್ಲ, ಕಪ್ಪಿರಬೇಕು.”

“ಟೋಪಿ? ಶೂ?”

ಎರಡು ಕಪ್ಪು ಬಣ್ಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವ ವರ್ಷದ್ದೆಂದು ಅವನು ಹೇಳಬಲ್ಲ. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದ್ದವಳು ಕಣ್ಣೆದುರಿಗೆ ಬರಲೊಲ್ಲಳು. ಅವಳು ಬಾಗಿಲು ಮುಚ್ಚಿದ ಎರಡು ಅಂಗೈ ಮಾತ್ರ ಬಂತು.

“ಕಾರಿನ ಕ್ಯಾಮೆರಾದಲ್ಲಿ ಇರುತ್ತೆ,” ಎಂದ. “ಮನೆ ಮುಂದೆ ಹತ್ತುವಾಗ ಕಾರಿನೆದುರು ಹಾದು ಬಂದ್ಲು.”

ಫೋನಿನಲ್ಲಿ ಕ್ಯಾಮೆರಾದ ಪಟ್ಟಿ ತೆರೆದ. ಎಲ್ಲಕ್ಕಿಂತ ಮೇಲೆ, ಕೆಂಪು ಅಕ್ಷರದಲ್ಲಿ, ಆ ಮೂರು ಆಘಾತಗಳಿದ್ದವು. ಬೆರಳು ಜಾರಿ ಮೊದಲನೆಯದೇ ತೆರೆದುಕೊಂಡಿತು.

ಚಿತ್ರದಲ್ಲಿ ಮೂರನೆಯ ಹಂತದ ಖಾಲಿ ದಾರಿ. ಇನ್‌ಸುಕ್ ಇಳಿಜಾರಿನ ಕಡೆಯಿಂದ ನಡೆದು ಬಂದಳು. ಮೈಮೇಲೆ ಇದ್ದದ್ದು ಅವನದೇ ಹಳೆಯ ಬೂದು ಬಣ್ಣದ ಕಾರ್ಖಾನೆ ಜಾಕೆಟ್ಟು, ತೋಳು ಎರಡು ಮಡಿಕೆ ಮಡಚಿದೆ. ಸಾಸಿವೆ ಬಣ್ಣದ ಉಣ್ಣೆ ಟೋಪಿ. ಕಾರನ್ನು ಕಂಡು ಅವಳ ಮುಖ ಅರಳಿತು. ಬಲಗಡೆಗೆ ಬಂದು ಚಿತ್ರದಿಂದ ಮರೆಯಾದಳು. ಕಂಬಕ್ಕೂ ಬಾಗಿಲಿಗೂ ನಡುವೆ ನಾಲ್ಕು ಬೆರಳು. ಕಾರು ಸಣ್ಣಗೆ ಅಲುಗಿತು. ಟಕ್ ಟಕ್ ಎಂದು ಲೋಹದ ಸದ್ದು.

“ರೀ,” ಎಂದಿತು ಫೋನು. “ರೀ, ಬಾಗಿಲು ತೆಗೀರಿ.”

ಎರಡನೆಯದರಲ್ಲಿ ಬರೀ ಸದ್ದು. ಮೂರನೆಯದರಲ್ಲಿ ಸದ್ದಾದ ಮೇಲೆ ಅವಳು ಮತ್ತೆ ಕಾರಿನೆದುರಿಗೆ ಬಂದಳು. ಗಾಜಿನೊಳಗೆ ಇಣುಕಿದಳು. ನಾಲ್ಕು ಹೆಜ್ಜೆ ಹಿಂದೆ ಸರಿದು ದಾರಿಯ ನಡುವೆ ನಿಂತಳು. ಆ ಕಡೆ ಈ ಕಡೆ ಗಾಡಿ ಬರುತ್ತಿದೆಯೇ ಎಂದು ನೋಡಿದಳು. ಆಮೇಲೆ ಕೈಯೆತ್ತಿ, ಬೆರಳುಗಳನ್ನು ತನ್ನ ಕಡೆಗೆ ಮಡಚುತ್ತ, ಕರೆಯತೊಡಗಿದಳು.

“ಬರ್ಲಿ… ಬರ್ಲಿ… ಇನ್ನೂ ಬರ್ಲಿ…”

ಚಾಲಕನಿಲ್ಲದ ಕಾರು ನಿಂತಲ್ಲೇ ನಿಂತಿತ್ತು. ಅವಳು ಕೈ ಬದಲಿಸಿಕೊಂಡಳು. ಒಂದು ಕಾರು ಹಾರ್ನ್ ಮಾಡುತ್ತ ಅವಳನ್ನು ಬಳಸಿಕೊಂಡು ಹೋಯಿತು. ಆ ಕಾರಿಗೆ ತಲೆಬಾಗಿ ಕ್ಷಮೆ ಕೇಳಿ, ಮತ್ತೆ ಬಂದು ಅದೇ ಜಾಗದಲ್ಲಿ ನಿಂತಳು. ಹನ್ನೊಂದು ನಿಮಿಷ ಹಾಗೇ ಕರೆದಳು. ಕೊನೆಗೆ ಕೈ ಇಳಿಸಿ, ಇಳಿಜಾರನ್ನು ಹತ್ತಿ ಹೋದಳು.

ಹೆಣ್ಣು ಪೊಲೀಸ್ ಸಮಯವನ್ನು ಬರೆದುಕೊಂಡಳು. “ಈ ಸಂದೇಶ ಆವಾಗ್ಲೇ ನಿಮ್ಮ ಫೋನಿಗೆ ಬರ್ಲಿಲ್ವಾ?” ಎಂದು ಕೇಳಿದಳು.

“ಬಂತು.”

“ನೋಡ್ಲಿಲ್ವಾ?”

“ನೋಡ್ದೆ.”

“ಮತ್ತೆ ಯಾಕೆ ಕೆಳಗೆ ಹೋಗ್ಲಿಲ್ಲ?”

“ಅವಳನ್ನ ಹುಡುಕ್ತಿದ್ದೆ,” ಎಂದ ಟಾಕ್.

ಆಸ್ಪತ್ರೆಯ ಕ್ಯಾಮೆರಾದಲ್ಲಿ ಅವಳು ಎರಡು ನಲವತ್ತೊಂಬತ್ತಕ್ಕೆ ರಸ್ತೆಗೆ ಬಂದು ನದಿಯ ಕಡೆ ತಿರುಗಿದ್ದು ಸಿಕ್ಕಿತು. ಅದರಾಚೆಗೆ ಏನೂ ಸಿಗಲಿಲ್ಲ. ಐದು ಗಂಟೆಗೆ ಅವನು ಲಿಫ್ಟಿಗೆ ಕಾಯುತ್ತಿದ್ದಾಗ ಅಲ್ಲಿದ್ದ ಏಳೆಂಟು ಜನರ ಜೇಬುಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ಎಲ್ಲರೂ ಫೋನು ತೆಗೆದು ನೋಡಿದರು. ಕಾಣೆಯಾದವರ ಬಗ್ಗೆ ಪೊಲೀಸರು ಊರಿಗೆಲ್ಲ ಕಳಿಸಿದ ಸಂದೇಶ: ಹಾಮ್ ಇನ್‌ಸುಕ್, ಹೆಣ್ಣು, 64 ವರ್ಷ, 154 ಸೆಂ.ಮೀ., 47 ಕೆ.ಜಿ., ಬೂದು ಜಾಕೆಟ್, ಸಾಸಿವೆ ಬಣ್ಣದ ಟೋಪಿ. ಹೆಸರು ಎಲ್ಲಾ ಪರದೆಗಳ ಮೇಲೂ ಒಂದೇ ಅಳತೆಯಲ್ಲಿತ್ತು.

“ಅಯ್ಯೋ ಪಾಪ, ಈ ಚಳೀಲಿ,” ಎಂದಳು ಒಬ್ಬಳು. ಇನ್ನೊಬ್ಬ ಸಂದೇಶವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದ. ಲಿಫ್ಟ್ ಬಂತು.

ಕೆಳಗಿಳಿದ ಟಾಕ್ ಕಾರನ್ನು ಕಂಬದಿಂದ ಹೊರಗೆ ತೆಗೆದು ದೀಪದ ಕೆಳಗೆ ನಿಲ್ಲಿಸಿ ಬಲಗಡೆಗೆ ಹೋದ. ಮುಂದಿನ ಬಾಗಿಲ ಹಿಡಿಯ ಕೆಳಗೆ ಟ್ಯೂಬ್‌ಲೈಟಿನ ಗೆರೆ ಬಾಗಿತ್ತು. ಅಕ್ಕಿಕಾಳಿನಷ್ಟು ಉದ್ದದ ಗೀರುಗಳು, ಎರಡೆರಡು ಜೊತೆಯಾಗಿ, ಮೂರು ಕಡೆ. ಎರಡು ಉಂಗುರ. ಮೇಲಿನ ಪದರಕ್ಕಷ್ಟೇ ಬಿದ್ದಿದ್ದವು. ಅರ್ಧ ಗಂಟೆ ಪಾಲಿಶ್ ಮಾಡಿದರೆ ಹೋಗುವಂಥವು. ಅವನು ಬರಿಯ ಅಂಗೈಯನ್ನು ಅವುಗಳ ಮೇಲಿಟ್ಟು, ಬೋರಾ ಬಂದು ತೋಳು ಹಿಡಿದು ಎಳೆಯುವವರೆಗೂ ಹಾಗೇ ನಿಂತಿದ್ದ. ಬೋರಾ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಎರಡು ದಿನ ನದಿದಂಡೆಯ ಬಿದಿರಿನ ತೋಪಿನಲ್ಲಿ, ಸೇತುವೆಯ ಕೆಳಗೆ, ಬಸ್ಸಿನ ಕೊನೆಯ ನಿಲ್ದಾಣಗಳಲ್ಲಿ ಹುಡುಕಿದರು. ಡ್ರೋನ್ ತಂದರು, ನಾಯಿ ತಂದರು. ಬೆಳಗಿನ ಜಾವ ಮೈನಸ್ ಆರು, ಮೈನಸ್ ಎಂಟು. ಮೂರನೆಯ ದಿನ ಮುಳುಗು ತಜ್ಞರು ಬಂದಾಗ ಬೋರಾ ಅಪ್ಪನನ್ನು ದಂಡೆಯಿಂದ ಕಳಿಸಿಬಿಟ್ಟಳು.

ಅವನು ಆಸ್ಪತ್ರೆಗೆ ಬಂದ. ಗು ದೀಪದ ಕೋಲನ್ನು ಕೆಳಗಿಳಿಸಿದ.

“ಇಪ್ಪತ್ತೇಳು ಖಾಲಿ ಇದೆ ಅಣ್ಣಾ,” ಎಂದ ಮೆಲ್ಲಗೆ.

ಟಾಕ್ ಇಪ್ಪತ್ತೇಳನ್ನು ದಾಟಿ ಹೋದ. ಇಳಿಜಾರಿನಿಂದ ನಡೆದು ಬಂದವರಿಗೆ ಮೊದಲು ಕಣ್ಣಿಗೆ ಬೀಳುವ ಕಡೆ, ಎರಡು ಜಾಗದ ನಡುವಿನ ಬಿಳಿ ಗೆರೆಯನ್ನು ತುಳಿದು ನಿಲ್ಲಿಸಿದ. ಸುತ್ತಿ ಬಂದು ಬಲಗಡೆಯ ಮುಂದಿನ ಬಾಗಿಲನ್ನು ಪೂರ್ತಿ ತೆರೆದ. ಬ್ಯಾಗನ್ನು ಅವಳ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿಟ್ಟ. ವಾಪಸು ಬಂದು ಚಾಲಕನ ಸೀಟಿನಲ್ಲಿ ಕೂತ.

ಒಂದು ಸಣ್ಣ ಬಿಳಿ ಕಾರು ಬಂದು ಬಾಗಿಲಿನ ಹತ್ತಿರವೇ ನಿಂತಿತು. ಚಲಾಯಿಸುತ್ತಿದ್ದ ಹೆಂಗಸು ಕಿಟಕಿ ಇಳಿಸಿದಳು.

“ಎರಡು ಜಾಗ ನಿಮ್ದೇನಾ ತಾತಾ? ದೊಡ್ಡ ಕಾರಿದ್ರೆ ಆಯ್ತಾ? ಬಾಗಿಲಾದ್ರೂ ಹಾಕಿ, ತಾಗಿದ್ರೆ ಆಮೇಲೆ ನನ್ನ ತಲೆಗೆ ಕಟ್ತೀರಾ!”

ಅವನು ಇಳಿಜಾರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳು ಗೊಣಗುತ್ತ ಕಾರನ್ನು ಮುಂದಕ್ಕೆ ಬಿಟ್ಟಳು. ಅವಳ ಕನ್ನಡಿ ನೀಲಿ ಸ್ಪಂಜಿಗೆ ಉಜ್ಜಿಕೊಂಡು ಹೋಯಿತು. ಬಾಗಿಲು ಒಮ್ಮೆ ಅಲುಗಿ ನಿಂತಿತು.

ಬಾಗಿಲು ತೆರೆದಿದೆ ಎಂದು ಕಾರು ಗಂಟೆ ಬಾರಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದೂ ನಿಂತಿತು. ಒಳಗಿನ ಸಣ್ಣ ದೀಪ ಮಾತ್ರ ಖಾಲಿ ಸೀಟಿನ ಮೇಲೆ ಉರಿಯುತ್ತಿತ್ತು.