ಮೂತಿಯ ಮೇಲಿನ ತೇಪೆ

ಏಯ್, ದೂರ ನಿಂತು ನೋಡು! ನಾಲ್ಕು ಎಂಜಿನ್, ಹೊಟ್ಟೆ ತುಂಬ ಬಾಂಬು. ನಾನು ಬಂದೆನೆಂದರೆ ಊರಿಗೆ ಊರೇ ದೀಪ ಆರಿಸಬೇಕು! ಮೂತಿಯ ಮೇಲೆ ತಗಡಿನ ತೇಪೆ ಕಾಣುತ್ತಿದೆಯಲ್ಲ? ಒಬ್ಬನೇ ಹತ್ತು ವೈರಿ ವಿಮಾನಗಳ ನಡುವೆ ನುಗ್ಗಿದಾಗ ಆದ ಗಾಯ. ಹತ್ತೂ ಮಣ್ಣು ಮುಕ್ಕಿದವು. ನಾನು ನಿಂತಿದ್ದೇನೆ!

ಹುಟ್ಟಿದ್ದು ಅಮೆರಿಕದ ಕಾರ್ಖಾನೆಯಲ್ಲಿ. ಹೆಸರಿಡಲಿಲ್ಲ, ನಂಬರ್ ಬಳಿದು ಬ್ರಿಟಿಷರಿಗೆ ಎರವಲು ಕೊಟ್ಟರು. ಬಂಗಾಳದಿಂದ ಹಾರಿ ಬರ್ಮಾದ ರೈಲು ಸೇತುವೆಗಳನ್ನು ಒಡೆಯುವುದು ನನ್ನ ಕೆಲಸ. ಕೆಳಗೆ ಯಾರಿದ್ದರೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಮೆಕ್ಯಾನಿಕ್ ವಿಲ್ಫ್. ಪ್ರತಿ ಸಲ ನಾನು ಮರಳಿದಾಗ ಮೊದಲು ಮೂತಿ ತಟ್ಟುವನು, ಆಮೇಲೆ ಕಿಟಕಿಯ ಕೆಳಗೆ ಹಳದಿ ಬಣ್ಣದಲ್ಲಿ ಒಂದು ಪುಟ್ಟ ಬಾಂಬು ಬರೆಯುವನು. ಆ ಹಳದಿಯ ಆಸೆಗೆ, ಎಂಜಿನ್ ಒಂದು ಸತ್ತರೂ ಸಮುದ್ರ ದಾಟಿ ಬಂದಿದ್ದೇನೆ.

ಯುದ್ಧ ಮುಗಿಯಿತು. ನಮ್ಮನ್ನೆಲ್ಲ ಕಾನ್ಪುರದ ಬಯಲಿನಲ್ಲಿ ನಿಲ್ಲಿಸಿದರು. ಕೊಟ್ಟವರಿಗೆ ನಾವು ಬೇಡ, ಬೇರೆಯವರಿಗೆ ಸಿಗಲೂಬಾರದು. ಒಡೆದುಹಾಕಿ ಎಂದು ಹುಕುಂ ಬಂತು. ಥೂ, ಇದೂ ಒಂದು ನ್ಯಾಯವೇ! ಎಂಜಿನ್‌ಗಳಿಗೆ ಮರಳು ಸುರಿದು ಬ್ರಿಟಿಷರು ಹೊರಟುಹೋದರು.

ದೇಶ ಸ್ವತಂತ್ರವಾದ ಮೇಲೆ ಬೆಂಗಳೂರಿನಿಂದ ಇಬ್ಬರು ಮೆಕ್ಯಾನಿಕ್‌ಗಳು ಬಂದರು, ಗವಿರಂಗಯ್ಯ ಮತ್ತು ಅಂತೋಣಿ. ಹಾರಿದರೆ ನಾನು ವಿಮಾನ, ಇಲ್ಲವಾದರೆ ಗುಜರಿ.

"ಇದನ್ನ ಬೆಂಗ್ಳೂರ್ ಗಂಟ ಹಾರಿಸ್ಬೇಕಂತೆ ಕಣಣ್ಣ. ದಾರೀಲಿ ಬಿದ್ರೆ?" ಎಂದ ಅಂತೋಣಿ.

"ಒಳಗೆ ನಾವೂ ಕೂತಿರ್ತೀವಲ್ಲೋ. ದಾರಿ ಉದ್ದಕ್ಕೂ ಬೈಕೊಂಡು ಹೋಗಣ, ಮರ್ಯಾದೆಗಾದ್ರೂ ಬೀಳಲ್ಲ."

ಪಕ್ಕದ ವಿಮಾನಗಳ ಭಾಗ ಕಿತ್ತು ನನಗೆ ಜೋಡಿಸಿದರು. ಮೂತಿಯ ತೂತಿಗೆ ತಗಡು ಬಡಿಯುವಾಗ ಅಂತೋಣಿ ಕೇಳಿದ, "ಯಾರಣ್ಣ ಹಿಂಗ್ ಹೊಡ್ದಿರೋದು?"

"ಇನ್ಯಾರು, ವೈರಿಗಳು. ಇಷ್ಟು ಚೆಂದಾಗಿ ಚಿತ್ರ ಬರ್ದೋರು ತಾವೇ ಹೊಡೀತಾರಾ?"

ಹೊರಡುವಾಗ ಮೂರು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟರು. ಬಾಂಬು ಹೊತ್ತವನಿಗೆ ನಿಂಬೆಹಣ್ಣು! ಆದರೂ ಬೈಗುಳ ಕೇಳುತ್ತ ಕೇಳುತ್ತ ಬೆಂಗಳೂರಿಗೆ ಬಂದಿಳಿದೆ.

ಈಗ ವಯಸ್ಸಾಗಿ ಮ್ಯೂಸಿಯಂನ ಮೂಲೆಯಲ್ಲಿದ್ದೇನೆ. ಬಂದವರಿಗೆಲ್ಲ ಆ ಹತ್ತು ವಿಮಾನಗಳ ಕಥೆ ಬಿಡುತ್ತೇನೆ. ಹತ್ತೂ ಸುಳ್ಳು. ವೈರಿಯ ಒಂದು ಗುಂಡೂ ನನಗೆ ತಾಗಲಿಲ್ಲ. ಅದು ಪಿಕಾಸಿಯ ಏಟು. ಕಾನ್ಪುರದಲ್ಲಿ ವಿಲ್ಫ್ ಹೊಡೆದದ್ದು. ಹೊಡೆಯುವ ಮೊದಲು ಎಂದಿನಂತೆ ಮೂತಿ ತಟ್ಟಿದ.

ನಾನು ಹಳದಿ ಬಣ್ಣಕ್ಕೆ ಕಾಯುತ್ತಿದ್ದೆ.