ಅರ್ಧ ಮಡಚುವ ಮಂಚ

ನಮ್ಮ ಮನೆಯಲ್ಲಿ ಒಂದನ್ನು ಬಿಚ್ಚಬೇಕಾದರೆ ಇನ್ನೊಂದನ್ನು ಮಡಚಬೇಕು. ಅದೇ ನಮ್ಮ ಕಾನೂನು. ಹಳೆಯ ಕಟ್ಟಡವೊಂದರ ನೆತ್ತಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಒಂದು ಕಾಲಕ್ಕೆ ಲಿಫ್ಟಿನ ಮೋಟರು ಇದ್ದ ಕೋಣೆ ಅದು. ಲಿಫ್ಟು ಕೆಟ್ಟು, ಮೋಟರು ಹಳೇ ಕಬ್ಬಿಣದ ಪಾಲಾದ ಮೇಲೆ ಕೋಣೆ ನಮ್ಮ ಪಾಲಿಗೆ ಬಂತು. ನನ್ನ ಗಂಡ ನಡುವೆ ನಿಂತು ಕೈ ಚಾಚಿದರೆ ಆಚೆ ಗೋಡೆ, ಈಚೆ ಗೋಡೆ ಎರಡೂ ಬೆರಳಿಗೆ ತಾಗುತ್ತವೆ. ಇದಕ್ಕಿಂತ ದೊಡ್ಡದು ಹುಡುಕಿ ಹುಡುಕಿ ಚಪ್ಪಲಿ ಸವೆದದ್ದೇ ಬಂತು.

ಇವರು ಬಸ್ಸುಗಳಿಗೆ ಮಲಗುವ ಸೀಟು ಕೂಡಿಸುವ ಬಡಗಿ. ಖಾಲಿ ಗೋಡೆ ಕಂಡರೆ ಇವರಿಗೆ ಕೈ ತುರಿಸುತ್ತದೆ. ಬಾಗಿಲಿಂದ ಒಳಗೆ ಬಂದರೆ ಎಡಗಡೆ ಅತ್ತೆಯ ಮಂಚ, ಗೋಡೆಗೆ ಮಡಚಿಕೊಳ್ಳುವಂಥದ್ದು. ಬಲಗಡೆ ಬೀರು, ಅದರ ಅಡಿಯಿಂದ ನಮ್ಮಿಬ್ಬರ ಹಾಸಿಗೆ ಡ್ರಾಯರಿನ ಹಾಗೆ ಈಚೆಗೆ ಬರುತ್ತದೆ, ಬಂದರೆ ನೆಲವೇ ಇಲ್ಲ. ನನ್ನ ಹೊಲಿಗೆ ಮಿಷನ್ನಿನ ಹಲಗೆ ಮಗುಚಿದರೆ ಊಟದ ಮೇಜು. ಒಲೆ ಇಡಲು ಮಾತ್ರ ಜಾಗ ಸಿಕ್ಕಿದ್ದು ಅತ್ತೆ ಕಾಲು ಚಾಚುವ ಕಡೆಯ ಗೋಡೆಯಲ್ಲಿ. ಅದಕ್ಕೇ ಇವರು ಆ ಮಂಚವನ್ನು ನಡುವೆ ಕತ್ತರಿಸಿ ಕೀಲು ಹಾಕಿ, ಅರ್ಧ ಮಾತ್ರ ಮಡಚುವ ಹಾಗೆ ಮಾಡಿದರು.

ಬೆಳಗ್ಗೆ ನಾನು ಎದ್ದು, "ತೆಗೀತೀನಿ" ಎನ್ನುತ್ತೇನೆ. ಅತ್ತೆ ಕಣ್ಣು ಬಿಡದೆ, "ತೆಗಿ" ಎಂದು ಕಾಲು ಎಳೆದುಕೊಳ್ಳುತ್ತಾರೆ. ಕಾಲಿನ ಕಡೆಯ ಅರ್ಧವನ್ನು ಗೋಡೆಗೆ ಎತ್ತಿ ನಾನು ಒಲೆ ಇಳಿಸುತ್ತೇನೆ. ಅವರು ಉಳಿದರ್ಧದಲ್ಲಿ ಮುದುಡಿಕೊಂಡು ಇನ್ನೊಂದು ಕೋಳಿನಿದ್ದೆ ಹೊಡೆಯುತ್ತಾರೆ. ಹೇಳದೆ ಕೇಳದೆ ಯಾರೂ ಏನನ್ನೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಯಾರದೋ ಮೊಣಕಾಲು ಹೋಯಿತು ಅಂತಲೇ.

ಹಾಗಂತ ನಾವೇನು ಹಾಲುಜೇನಿನ ಹಾಗಿದ್ದೆವು ಅಂದುಕೊಳ್ಳಬೇಡಿ. ಅತ್ತೆ ಬೀದಿ ತುದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಇಡೀ ದಿನ ಬಿಸಿ ಪೆಟ್ಟಿಗೆ ಹಿಡಿದು ಬಂದವರ ನಾಲಿಗೆಯೂ ಅಷ್ಟೇ ಬಿಸಿ. ನಾನೂ ಕಡಿಮೆಯವಳಲ್ಲ. ಬಾಚಣಿಗೆ ಇಡುವ ಮೊಳೆಗೂ ನಾವು ಜಗಳ ಆಡಿದ್ದೇವೆ. "ನಿನ್ನ ಒಲೆಗೋಸ್ಕರ ನನ್ನ ಕಾಲು ಗಿಡ್ಡ ಆಗೋಯ್ತು ಕಣೇ" ಎಂದು ಅವರು. "ನಿಮ್ಮ ಬಾಯಿ ಆಗ್ಲಿಲ್ವಲ್ಲ" ಎಂದು ನಾನು. ಇವರು ಬಾಯಲ್ಲಿ ಮೊಳೆ ಕಚ್ಚಿಕೊಂಡು ಗೋಡೆ ನೋಡುತ್ತಾ ಕೂರುವರು, ಎಷ್ಟಾದರೂ ಬುದ್ಧಿವಂತರು.

ಹೀಗಿದ್ದಾಗ ನನ್ನ ತಂಗಿ ಹೋಗಿಬಿಟ್ಟಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಅವಳ ಗಂಡ ಅದಕ್ಕೆ ಮೊದಲೇ ಕೈಬಿಟ್ಟು ಹೋಗಿದ್ದ. ಉಳಿದದ್ದು ಮಗಳು, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಕೈಕಾಲು ಅಷ್ಟು ಸಣ್ಣ ಇರುವುದರಿಂದ ನಾವೆಲ್ಲ ಕಡ್ಡಿ ಅಂತಲೇ ಕರೆಯುವುದು. ಅವಳನ್ನು ಮಕ್ಕಳ ಆಶ್ರಮಕ್ಕೆ ಸೇರಿಸಿದರು. ನೋಡಲು ಹೋದಾಗಲೆಲ್ಲ ಅವಳು ಚಪ್ಪಲಿ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಇವತ್ತು ಅಲ್ಲ ಪುಟ್ಟಾ" ಎಂದರೆ ಅಳುತ್ತಿರಲಿಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗುವಳು. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಅವಳನ್ನು ನಮಗೆ ಕೊಡಬೇಕಾದರೆ ಮಕ್ಕಳ ಕಚೇರಿಯ ಮೇಡಂ ಮನೆ ನೋಡಿ ಒಪ್ಪಬೇಕು. ಮಗುವಿಗೆ ತನ್ನದೇ ಹಾಸಿಗೆ ಇರಬೇಕು, ಮನೆ ಸುರಕ್ಷಿತವಾಗಿರಬೇಕು. ನಾವು ಆಗದಿದ್ದರೆ ದೂರದ ಊರಿನ ಗಂಡಹೆಂಡಿರು ಯಾರೋ ಕಾದಿದ್ದಾರಂತೆ, ಅಂಗಳ ಇರುವ ಮನೆಯಂತೆ. ಅಲ್ಲಿಗೆ ಹೋದರೆ ಕಡ್ಡಿಯ ಮುಖ ನೋಡುವುದು ಈ ಜನ್ಮಕ್ಕೆ ಮುಗಿದ ಹಾಗೆ.

ಇವರು ಕೆಲಸದಿಂದ ಬಂದು ಕೈ ತೊಳೆಯದೆ ಸುತ್ತಿಗೆ ಹಿಡಿದರು. ಬಾಗಿಲಿಗೂ ಬೀರುವಿಗೂ ನಡುವೆ ಬಲಗೋಡೆಯಲ್ಲಿ ಒಂದು ತುಂಡು ಉಳಿದಿತ್ತು. ಅಲ್ಲಿಗೆ ಕೀಲು ಬಿಗಿದು ಒಂದು ಪುಟ್ಟ ಮಂಚ ಮಾಡಿದರು. ಹಗಲು ಗೋಡೆಗೆ ಅಂಟಿಕೊಂಡಿರುತ್ತದೆ. ಇಳಿಸಿದರೆ ಬಾಗಿಲ ಮುಂದೆ ಅಡ್ಡಲಾಗಿ ಬಂದು, ಅದರ ತುದಿ ಅತ್ತೆಯ ಮಂಚದ ಅಂಚಿಗೆ ಕೂರುತ್ತದೆ. ಅಂಚಿಗೆ ಉಜ್ಜುಕಾಗದ ಉಜ್ಜಿ ಉಜ್ಜಿ ಕೆನ್ನೆಯಷ್ಟು ನುಣುಪು ಮಾಡಿದರು. ಅತ್ತೆ ತಮ್ಮ ಹಳೆಯ ಸೀರೆ ಮಡಚಿ ಕೊಟ್ಟರು, ನಾನು ಹಾಸಿಗೆ ಹೊಲಿದೆ. ಇಳಿಸಿ ನೋಡಿದೆವು, ಚೆನ್ನಾಗಿತ್ತು. ಮಡಚಿ ಒಲೆ ಹಚ್ಚಿದೆವು. ಮೂರು ಹಾಸಿಗೆಯನ್ನೂ ಒಟ್ಟಿಗೆ ಬಿಚ್ಚಿ ನೋಡುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ. ಹೇಗೆ ಬರಬೇಕು, ಒಂದು ಬಿಚ್ಚಿದರೆ ಒಂದು ಮಡಚುವ ಮನೆಯವರಿಗೆ?

ಮೇಡಂ ಮಧ್ಯಾಹ್ನ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಒಳ್ಳೆಯ ಹೆಂಗಸೇ, ಸುಳ್ಳು ಹೇಳಬಾರದು. ಇವರು ಸಂಭ್ರಮದಿಂದ ಒಂದೊಂದನ್ನೇ ಬಿಚ್ಚಿ ಮಡಚಿ ತೋರಿಸಿದರು. ಮಿಷನ್ನು ಮೇಜಾಯಿತು, ಗೋಡೆಯಿಂದ ಒಲೆ ಇಳಿಯಿತು. ಮೇಡಂ ಕಣ್ಣರಳಿಸಿ ನೋಡಿದರು. "ನಮ್ಮ ಮನೆಗೂ ನಿಮ್ಮನ್ನೇ ಕರೀಬೇಕು ನೋಡಿ" ಎಂದರು. ಇವರು ನನ್ನ ಕಡೆ ನೋಡಿ ನಕ್ಕರು. ಆ ನಗು ನೋಡಿ ನನಗೂ ಅರ್ಧ ಜೀವ ಬಂತು.

"ಸರಿ. ಈಗ ರಾತ್ರಿ ಮಲಗೋ ಹಾಗೆ ಎಲ್ಲ ಬಿಚ್ಚಿ, ನೋಡ್ತೀನಿ."

ನಾವು ಮುಖ ಮುಖ ನೋಡಿಕೊಂಡೆವು. ಇವರು ಬಾಗಿಲು ಮುಂದೆ ಮಾಡಿ ಅತ್ತೆಯ ಮಂಚ ಇಳಿಸಿದರು. ಅತ್ತೆ ಅದರ ಮೇಲೆ ಹತ್ತಿ ಕೂತರು. ನಮ್ಮ ಹಾಸಿಗೆ ಎಳೆದಾಗ ನೆಲ ಹೋಯಿತು, ಮೇಡಂ ಚಪ್ಪಲಿ ಕಳಚಿ ಅದರ ಮೇಲೆ ನಿಂತರು, ಪಕ್ಕದಲ್ಲಿ ನಾನು. ಕೊನೆಗೆ ಕಡ್ಡಿಯ ಮಂಚ ಇಳಿದು ಬಾಗಿಲಿಗೆ ಅಡ್ಡ ಕೂತಿತು. ಹೀಗೆ ನಾಲ್ಕು ಜನ ಹಾಸಿಗೆಗಳ ಮೇಲೆ ನಿಂತು ಕೂತು ಒಬ್ಬರ ಉಸಿರು ಒಬ್ಬರು ಕೇಳುತ್ತಿದ್ದೆವು.

"ಈಗ ನಾನು ಹೊರಗೆ ಹೋಗ್ಬೇಕು ಅಂದ್ರೆ?" ಎಂದರು ಮೇಡಂ.

ಬಾಗಿಲು ಒಳಕ್ಕೆ ತೆರೆಯುವಂಥದ್ದು. ಇವರು ಚಿಲಕ ಹಿಡಿದು ಎಳೆದರು. ಅದು ಒಂದು ಅಂಗೈಯಗಲ ಬಂದು ಮಂಚಕ್ಕೆ ಬಡಿದು ನಿಂತಿತು. ಕಡ್ಡಿಯ ಮಂಚ ಎತ್ತಬೇಕಾದರೆ ನಿಲ್ಲಲು ನೆಲ ಬೇಕು, ಅದಕ್ಕೆ ಮೊದಲು ನಮ್ಮ ಹಾಸಿಗೆ ಒಳಗೆ ತಳ್ಳಬೇಕು. ಅದರ ಮೇಲೆ ಮೇಡಂ ನಿಂತಿದ್ದರು. ಅವರು ಅತ್ತೆಯ ಮಂಚ ಹತ್ತಬೇಕು, ಹತ್ತಲು ಅತ್ತೆ ಕಾಲು ಮಡಚಬೇಕು. ಇವರು ಅವಸರಕ್ಕೆ ಜಗ್ಗಿದಾಗ ಕೀಲು ಸಿಕ್ಕಿಕೊಂಡಿತು. ಮೇಡಂ ಒಂದು ಕೈಯಿಂದ ಗೋಡೆ ಹಿಡಿದುಕೊಂಡರು. ಹಣೆಯಲ್ಲಿ ಬೆವರು ಮೂಡಿತ್ತು.

"ಬೇಗ ತೆಗೀರಿ," ಎಂದರು. ದನಿ ಬದಲಾಗಿತ್ತು.

ಬಾಗಿಲು ತೆರೆದಾಗ ಅವರು ಟ್ಯಾಂಕಿನ ಹತ್ತಿರ ಹೋಗಿ ಬಹಳ ಹೊತ್ತು ಗಾಳಿ ಕುಡಿದರು. ಆಮೇಲೆ ಹೊಸ್ತಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ಹೇಳಿದರು. "ನಿಮ್ಮ ಪ್ರೀತಿ ನನಗೆ ಕಾಣ್ಸುತ್ತಮ್ಮ. ಆದ್ರೆ ಒಲೆಯಿಂದ ಬೆಂಕಿ ಹತ್ಕೊಂಡ್ರೆ ಮಗು ಹೇಗೆ ಹೊರಗೆ ಬರುತ್ತೆ? ನಾನು ಹೇಗೆ ಒಪ್ಪಲಿ?"

"ಬೇರೆ ಕಡೆ ಹಾಕ್ತೀವಿ ಮೇಡಂ" ಎಂದೆ. ಎಲ್ಲಿ? "ನಾನು ಕೂತೇ ಮಲಗ್ತೀನಿ" ಎಂದೆ. ಏನೇನೋ ಬಡಬಡಿಸಿದೆ. ಅವರ ಸೆರಗು ಹಿಡಿದುಕೊಂಡಿದ್ದೆ ಅಂತ ಇವರು ಆಮೇಲೆ ಹೇಳಿದರು, ನನಗೆ ನೆನಪಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋಗುವ ಮಗುವಿನ ಬೆನ್ನು ಮಾತ್ರ ಕಣ್ಣ ಮುಂದೆ ಇತ್ತು.

ಆಗ ಅತ್ತೆ ಒಳಗಿನಿಂದ ಅಂದರು. "ಮೇಡಂ, ಈ ಎಡಗಡೆ ಮಂಚ ಇಲ್ಲದಿದ್ರೆ ಮಗೂದು ಇಲ್ಲಿಗೆ ಬರುತ್ತಲ್ವಾ? ಬಾಗಿಲಿಗೇನೂ ಅಡ್ಡ ಇರಲ್ಲ."

"ಬರುತ್ತೆ. ನೀವೆಲ್ಲಿ ಮಲಗ್ತೀರಿ ಅಜ್ಜಿ?"

"ನಾನ್ಯಾಕೆ ಇಲ್ಲಿ ಮಲಗಲಿ? ಮಗನ್ನ ನೋಡ್ಕೊಂಡು ಹೋಗಣ ಅಂತ ಬಂದಿದೀನಿ ಅಷ್ಟೆ. ಮಗಳ ಮನೇಲಿರೋದು ನಾನು. ದೊಡ್ಡ ಮನೆ. ಇಲ್ಲಿ ಇವಳ ಜೊತೆ ಯಾರು ಏಗ್ತಾರೆ?"

ಅತ್ತೆಗೆ ಮಗಳಿಲ್ಲ. ಇವರೊಬ್ಬರೇ ಮಗ.

ಇವರು ಬಾಯಿ ತೆರೆದರು. ಅತ್ತೆ ಒಂದು ಸಲ ನೋಡಿದರು, ಅಷ್ಟಕ್ಕೇ ಮುಚ್ಚಿದರು. ಮೇಡಂ ದೃಷ್ಟಿ ಮೊಳೆಯ ಮೇಲಿದ್ದ ಬಾಚಣಿಗೆಗೆ ಹೋಯಿತು. ಬಿಳಿ ಕೂದಲು ಸಿಕ್ಕಿಕೊಂಡಿತ್ತು ಅದರಲ್ಲಿ. ಅಲ್ಲಿಂದ ನನ್ನ ಮುಖಕ್ಕೆ ಬಂತು. "ಹೌದಾಮ್ಮ?" ಎಂದು ಕೇಳಿದರು.

"ಹೌದು," ಎಂದೆ. ನನಗೆ ಕಡ್ಡಿ ಬೇಕಾಗಿದ್ದಳು. ಆ ಗಳಿಗೆಯಲ್ಲಿ ಯಾರನ್ನು ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ.

"ನಾನು ಆಗಾಗ ಬರ್ತೀನಿ, ಹೇಳಿ ಬರಲ್ಲ," ಎಂದರು ಮೇಡಂ. "ಯಾರ್ಯಾರು ಎಲ್ಲಿ ಮಲಗ್ತಾರೆ ಅಂತ ಮಗೂನೂ ಕೇಳ್ತೀನಿ. ಮಕ್ಕಳು ಇದ್ದಿದ್ದನ್ನ ಇದ್ದ ಹಾಗೇ ಹೇಳ್ತಾವೆ."

ಅವತ್ತೇ ಇವರು ಅತ್ತೆಯ ಮಂಚದ ಸ್ಕ್ರೂ ಬಿಚ್ಚಿದರು. ಬಿಚ್ಚುತ್ತಾ ಬಿಚ್ಚುತ್ತಾ ಅತ್ತರು. ಅತ್ತೆ ಗದರಿಸಿದರು. "ಅಳ್ತಾ ಬಿಚ್ಚಿದ್ರೆ ಸ್ಕ್ರೂ ಕಳ್ದುಹೋಗುತ್ತೆ. ಮಗೂಗೆ ಅದೇ ಬೇಕು, ಇಟ್ಕೋ." ಲಾಂಡ್ರಿ ಯಜಮಾನ ಅಂಗಡಿಯಲ್ಲೇ ಮಲಗಲು ಒಪ್ಪಿದ್ದಾನೆ, ಇಸ್ತ್ರಿ ಮೇಜು ನಾಲ್ಕು ಜನ ಮಲಗುವಷ್ಟು ಅಗಲ, ಚಳಿಯಂತೂ ಇಲ್ಲವೇ ಇಲ್ಲ ಎಂದರು. ಎರಡು ಸೀರೆ, ಕನ್ನಡಕ, ಬಾಚಣಿಗೆ ಚೀಲಕ್ಕೆ ಹಾಕಿಕೊಂಡರು. ಅಷ್ಟು ವರ್ಷ ಜಗಳವಾಡಿದ ಆ ಮೊಳೆ ಖಾಲಿಯಾಯಿತು. ತಡೆಯಬೇಕು ಅನ್ನಿಸಿತು. ತಡೆದರೆ ಕಡ್ಡಿ ಹೋಗುತ್ತಾಳೆ. ಬಾಗಿಲವರೆಗೂ ಹಿಂದೆ ಹೋದೆ.

"ಇನ್ಮೇಲೆ ಒಲೆ ಹಚ್ಚೋಕೆ ಯಾರನ್ನೂ ಕೇಳ್ಬೇಕಾಗಿಲ್ಲ ನೋಡು," ಎಂದು ಮೆಟ್ಟಿಲಿಳಿದರು.

ಕಡ್ಡಿ ಬಂದಳು. ಮೊದಲ ವಾರವೆಲ್ಲ ಚಪ್ಪಲಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದಳು. ಆಮೇಲೆ ಒಂದು ದಿನ ಬಾಗಿಲ ಹತ್ತಿರ ನಮ್ಮ ಚಪ್ಪಲಿಗಳ ಜೊತೆ ಬಿಟ್ಟಳು. ಅದನ್ನು ನೋಡಿ ನಾನು ಟ್ಯಾಂಕಿನ ಹಿಂದೆ ಹೋಗಿ ಅತ್ತು ಬಂದೆ. ಅತ್ತೆ ಸಂಜೆ ಕೆಲಸ ಮುಗಿಸಿ ಬರುತ್ತಾರೆ, ಬಾಗಿಲು ತಟ್ಟಿ ಬರುತ್ತಾರೆ. ತಟ್ಟಬೇಡಿ ಎಂದರೆ, "ಮೇಡಂ ಇದ್ರೆ?" ಎನ್ನುತ್ತಾರೆ. ಚಹಾ ಕುಡಿದು, ಕಡ್ಡಿಯ ಜಡೆ ಹೆಣೆದು ಎದ್ದು ಹೋಗುತ್ತಾರೆ.

"ಅಜ್ಜಿ, ನೀನ್ಯಾಕೆ ಇಲ್ಲಿ ಮಲಗಲ್ಲ?" ಎಂದು ಕಡ್ಡಿ ಕೇಳಿದಳು.

"ನನ್ನ ಹತ್ರ ಇಷ್ಟು ದೊಡ್ಡ ಮಂಚ ಇದೆ. ಕೈಕಾಲು ಚಾಚ್ಕೊಂಡು ರಾಣಿ ಹಾಗೆ ಮಲಗ್ತೀನಿ. ಈ ಬೆಂಕಿಪೊಟ್ಟಣದಲ್ಲಿ ನಿಮ್ಮ ದೊಡ್ಡಮ್ಮನ ಒದೆ ತಿನ್ನಕ್ಕೆ ಬರ್ಲಾ?"

ಕಡ್ಡಿ ನಕ್ಕಳು. ನಾನೂ ನಂಬಿದೆ. ನಂಬಿದರೆ ನಿದ್ದೆ ಬರುತ್ತಿತ್ತು.

ಹೋದ ವಾರ ಅತ್ತೆ ಎರಡು ಸಂಜೆ ಬರಲಿಲ್ಲ. ಬೆಳಕು ಹರಿಯುತ್ತಿದ್ದ ಹಾಗೆ ಕಡ್ಡಿಯನ್ನು ಇವರ ಹತ್ತಿರ ಬಿಟ್ಟು ಲಾಂಡ್ರಿಗೆ ಹೋದೆ. ಹಿಂದಿನ ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಒಳಗೆ ಸೋಪಿನ ಪುಡಿಯ ಘಾಟು. ಮೇಜು ನಿಜವಾಗಿಯೂ ದೊಡ್ಡದು, ಅತ್ತೆ ಸುಳ್ಳು ಹೇಳಿರಲಿಲ್ಲ. ಅದರ ಒಂದು ತುದಿಯಲ್ಲಿ, ಗೋಡೆಗೆ ಒತ್ತಿಕೊಂಡು, ನಮ್ಮ ಮನೆಯ ಮಂಚ ಎಷ್ಟಿತ್ತೋ ಅಷ್ಟೇ ಜಾಗದಲ್ಲಿ ಮಲಗಿದ್ದರು. ಉಳಿದದ್ದೆಲ್ಲ ಖಾಲಿ. ಹಣೆ ಮುಟ್ಟಿದೆ, ಸುಡುತ್ತಿತ್ತು.

ನೀರು ಬಿಸಿ ಮಾಡೋಣವೆಂದು ಮೂಲೆಯಲ್ಲಿದ್ದ ಸ್ಟೌವಿನ ಕಡೆ ಹೋದೆ. ಪಾತ್ರೆ ಸದ್ದಾಯಿತು.

"ತೆಗಿ," ಎಂದರು ಅತ್ತೆ.

ಕಣ್ಣು ಬಿಟ್ಟಿರಲಿಲ್ಲ. ಎರಡೂ ಕಾಲನ್ನು ಎಳೆದುಕೊಂಡು, ಮಂಡಿಯನ್ನು ಎದೆಗೆ ಒತ್ತಿ, ನನ್ನ ಒಲೆಗೆ ಜಾಗ ಮಾಡಿಕೊಟ್ಟು ಕಾದರು.

"ಅತ್ತೆ, ಇಲ್ಲಿ ಏನೂ ಮಡಚೋದಿಲ್ಲ. ಕಾಲು ಚಾಚಿ," ಎಂದೆ. ಕಾಲು ಹಿಡಿದು ಬಿಡಿಸಲು ನೋಡಿದೆ. ಅವು ಬಿಚ್ಚಲಿಲ್ಲ.